ಸೇವಾವೃತ್ತಿಯ ಪೂರ್ವೋತ್ತರ

ಒಂದು ಸೀಮೆಯ ಚರಿತ್ರೆಯನ್ನು ಬರೆಯುವವರು ಅಲ್ಲಿ ಆಳಿದ ಪ್ರಭುಗಳನ್ನೂ, ಕಟ್ಟಿಸಿದ ಕೋಟೆ ಕೆರೆಗಳನ್ನೂ, ನಡೆದ ಕಾಳಗಗಳನ್ನೂ ವಿಸ್ತಾರವಾಗಿ ವರ್ಣಿಸುವುದು ವಾಡಿಕೆ. ಹಸಿದವರಿಗೆ ಅಂಬಲಿ ಕಾಸಿದವರು ಯಾರು, ದಿಕ್ಕಿಲ್ಲದ ಶಿಶುವನ್ನು ಎತ್ತಿಕೊಂಡವರು ಯಾರು, ಅವರ ದಿನಗಳು ಹೇಗೆ ಕಳೆದುವು ಎಂಬುದನ್ನು ವಿಚಾರಿಸುವವರು ವಿರಳ. 1687ರಲ್ಲಿ ಮೊಗಲರ ಸುಬೆಗೆ ಮುಖ್ಯಸ್ಥಾನವಾದ ಶಿರಾ ಪಟ್ಟಣದ ವೈಭವವನ್ನು ಅನೇಕರು ಬರೆದಿರುವರು. ಅದೇ ತಾಲ್ಲೂಕಿನ ಕಳ್ಳಂಬೆಳ್ಳದ ದೊಡ್ಡ ಕೆರೆಯೂ ಪ್ರಸಿದ್ಧವೇ. ಆದರೆ ಮಳೆ ಕೈಕೊಟ್ಟು ಕೆರೆಗಳು ಬತ್ತಿದ ವರ್ಷಗಳಲ್ಲಿ ಜನರ ಪ್ರಾಣವನ್ನು ಹಿಡಿದು ನಿಲ್ಲಿಸಿದವರ ಕಥೆಯು ಇನ್ನೂ ಸರಿಯಾಗಿ ಬರೆಯಲ್ಪಟ್ಟಿಲ್ಲ. ಆದುದರಿಂದ ಸೇವಾವೃತ್ತಿಯು ನಮ್ಮ ನಾಡಿನಲ್ಲಿ ಬೆಳೆದು ಬಂದ ಬಗೆಯನ್ನೂ, ಆ ವೃತ್ತಿಯವರು ಹೊತ್ತಿರುವ ಭಾರವನ್ನೂ ಭಕ್ತರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಲಾಗದ ಎರಡು ತತ್ತ್ವಗಳಾಗಿ ಬೋಧಿಸಿದರೆಂಬುದು ಸರ್ವವಿದಿತ. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದಳೆಂಬ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಇದನ್ನು ದುರಾಶೆಯ ನಿಷೇಧವೆಂದು ಮಾತ್ರ ತಿಳಿಯುವುದು ಸಾಲದು. ಕಾಯಕಕ್ಕೂ ಒಂದು ಅಳತೆಯುಂಟು ಎಂಬ ವಿವೇಕವೂ ಇದರಲ್ಲಿ ಅಡಗಿದೆ. ಮುಂದೆ ಹೇಳುವ ಸಂಗತಿಗಳಿಗೆ ಈ ವಿವೇಕವೇ ಒರೆಗಲ್ಲು.

ಅಳತೆ ತಪ್ಪಿದ ಕಷ್ಟವು 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಮೇಲೆ ಎರಗಿತು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತೆಂದರೆ ಆ ಅನರ್ಥದ ಪ್ರಮಾಣವನ್ನು ವಾಚಕರು ಊಹಿಸಬಹುದು. ಗಂಜಿಕೇಂದ್ರಗಳನ್ನು ತೆರೆಯಲಾಯಿತು, ಆದರೆ ಅವುಗಳ ಹೊರೆಯು ಬಹುಮಟ್ಟಿಗೆ ಕಂದಾಯದ ಲೆಕ್ಕ ಬರೆಯಲು ಮಾತ್ರ ಕಲಿತಿದ್ದ ಅಧಿಕಾರವರ್ಗದ ಮೇಲೆಯೇ ಬಿದ್ದಿತು. ಹಸಿವಿನಿಂದ ಕೃಶರಾದವರಿಗೆ ಏನನ್ನು ಎಷ್ಟು ಉಣಿಸಬೇಕು, ದುಡಿಯಬಲ್ಲವರಾರು, ಮನೆಯಲ್ಲಿಯೇ ಪೋಷಿಸಬೇಕಾದವರಾರು ಎಂಬ ವಿವೇಚನೆಗೆ ಬೇಕಾದ ಶಿಕ್ಷಣವು ಯಾರಿಗೂ ದೊರೆತಿರಲಿಲ್ಲ. 1877ರಲ್ಲಿ ಕ್ಷಾಮಕಮಿಷನರಾಗಿ ಬಂದ ಎಲಿಯಟ್ ಎಂಬವರು ಪರಿಹಾರದ ಏರ್ಪಾಟನ್ನು ಬದಲಾಯಿಸಿದರು. ಅವರೇ ಮುಂದೆ ಕ್ಷಾಮವಿಚಾರಣೆಯ ಆಯೋಗಕ್ಕೆ ಕಾರ್ಯದರ್ಶಿಗಳಾದರು. ಆ ಆಯೋಗದ 1880ರ ವರದಿಯಿಂದ 1883ರ ಕ್ಷಾಮಸಂಹಿತೆಯು ಹುಟ್ಟಿತು. ಹೀಗೆ ನಮ್ಮ ನಾಡಿನವರ ಮರಣವೇ ಇಡೀ ದೇಶಕ್ಕೆ ಪಾಠವಾಯಿತು. ಆದರೂ ಆ ಸಂಹಿತೆಯಲ್ಲಿ ಧಾನ್ಯಕ್ಕೆ ನಿಯಮವುಂಟು, ಕೂಲಿಗೆ ನಿಯಮವುಂಟು. ಸಾವಿನ ನಡುವೆ ನಿಂತು ಹಗಲಿರುಳು ದುಡಿಯುವವನ ಮನಸ್ಸಿಗೆ ಆಸರೆ ಯಾವುದೆಂಬ ಪ್ರಶ್ನೆಗೆ ಎಡೆಯೇ ದೊರೆಯಲಿಲ್ಲ.

ದಯೆಯೊಂದೇ ಸಾಲದು, ಶಿಕ್ಷಣವೂ ಬೇಕೆಂಬ ಅರಿವು ಲೋಕದ ಇತರ ಭಾಗಗಳಲ್ಲಿಯೂ ಇದೇ ಕಾಲದಲ್ಲಿ ಮೊಳೆಯಿತು. 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪರೋಪಕಾರಕಾರ್ಯಕ್ಕಾಗಿ ಬೇಸಗೆಯ ಪಾಠಶಾಲೆಯೊಂದು ಆರಂಭವಾಯಿತು. 1936ರಲ್ಲಿ ಮುಂಬಯಿಯಲ್ಲಿ ಕ್ಲಿಫರ್ಡ್ ಮನ್‌ಷಾರ್ಟ್ ಎಂಬವರ ಮುಂದಾಳುತನದಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ವಿದ್ಯಾಲಯವು ಸ್ಥಾಪಿತವಾಗಿ, ಭಾರತದಲ್ಲಿ ಸಮಾಜಕಾರ್ಯವು ಕಲಿತು ಮಾಡುವ ವೃತ್ತಿಯಾಯಿತು.

ನಮ್ಮ ತುಮಕೂರು ಸೀಮೆಯಲ್ಲಾದರೋ ಆ ಕಾರ್ಯವು ಮಠದ ಅಂಗಳದಲ್ಲಿ ಬೇರೂರಿತು. 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದ ಸಿದ್ಧಗಂಗಾ ಮಠದಲ್ಲಿ, 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ 1941ರಲ್ಲಿ ಪೂರ್ಣಭಾರವನ್ನು ವಹಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು, ಜಾತಿಭೇದವಿಲ್ಲದೆ ಸಹಸ್ರಾರು ಬಾಲಕರಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕಲ್ಪಿಸಿ, 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಪಾವಗಡದಲ್ಲಿ ಶ್ರೀರಾಮಕೃಷ್ಣ ಸೇವಾಶ್ರಮವು ಕುಷ್ಠರೋಗಿಗಳಿಗೂ ಕಣ್ಣಿನ ಬೇನೆಯುಳ್ಳವರಿಗೂ ಮಾಡುತ್ತಿರುವ ಶುಶ್ರೂಷೆಯೂ ಸ್ಮರಣೀಯವಾದುದು. ಮಹಾಪುರುಷರ ದೀರ್ಘದುಡಿಮೆಯನ್ನು ಕಂಡು ನಾವು ಕೈಮುಗಿಯುತ್ತೇವೆ. ಆದರೆ ಸಾಮಾನ್ಯ ಸೇವಕನಿಂದಲೂ ಅದೇ ದುಡಿಮೆಯನ್ನು ಬೇಡುವುದು ನ್ಯಾಯವಲ್ಲ. ಅವರ ಹಿಂದೆ ಪೂಜೆಯ ನಿಯಮವಿತ್ತು, ಗುರುಪರಂಪರೆಯ ಬಲವಿತ್ತು, ಭಕ್ತಸಮೂಹದ ಹೆಗಲಿತ್ತು. ಹಳ್ಳಿಯ ಒಂಟಿ ಸೇವಕಿಗೆ ಇವುಗಳಲ್ಲಿ ಯಾವುದುಂಟು?

ಸ್ವಾತಂತ್ರ್ಯಾನಂತರ ಈ ವೃತ್ತಿಯು ಶೀಘ್ರವಾಗಿ ಹಬ್ಬಿತು. 1952ರ ಅಕ್ಟೋಬರ್ 2ರಂದು ಸಮುದಾಯಾಭಿವೃದ್ಧಿ ಯೋಜನೆಯು ಆರಂಭವಾಗಿ ಗ್ರಾಮಸೇವಕರು ಹಳ್ಳಿಗಳಿಗೆ ಬಂದರು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜಕಲ್ಯಾಣ ಮಂಡಲಿಯು ರಚಿತವಾಯಿತು. 1960ರಲ್ಲಿ ಮಂಗಳೂರಿನ ರೋಶನಿ ನಿಲಯವೂ, ಅದೇ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವೂ ಸಮಾಜಕಾರ್ಯದ ಶಿಕ್ಷಣಕ್ಕೆ ತೊಡಗಿದುವು. ಕೂಡ್ಲಿಗಿ ಸೀಮೆಯಿಂದ ಬಂದ ಆಚಾರ್ಯ ಎಚ್. ಎಂ. ಮರುಳಸಿದ್ಧಯ್ಯನವರು 1969ರಲ್ಲಿ ಮಾಕುಂಟಿ ಎಂಬ ಹಳ್ಳಿಯ ವೃದ್ಧರ ಜೀವನವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರಲ್ಲದೆ, ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ಹೇಳಲು ಶ್ರಮಿಸಿದರು. ಪರಭಾಷೆಯಲ್ಲಿ ಕಲಿತ ಶಾಸ್ತ್ರವು ಮುದುಕಿಯ ಜಗಲಿಯ ಮೇಲೆ ಕುಳಿತು ಮಾತನಾಡಲಾರದೆಂಬುದನ್ನು ಬಲ್ಲವರಿಗೆ ಆ ಶ್ರಮದ ಬೆಲೆ ತಿಳಿಯುವುದು.

1975ರಲ್ಲಿ ಶಿಶು ಅಭಿವೃದ್ಧಿ ಯೋಜನೆಯು 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ನಾಡಿನ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. 2005ರಲ್ಲಿ ಆಶಾ ಕಾರ್ಯಕರ್ತೆಯರ ಯೋಜನೆಯು ರೂಪುಗೊಂಡಿತು. ಇಂದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಸೇವೆಯ ದೊಡ್ಡ ಭಾಗವನ್ನು ಹೊತ್ತವರು ಈ ಸ್ತ್ರೀಯರೇ. ಶಿಶುವಿನ ತೂಕ, ಬಾಣಂತಿಯ ಆರೈಕೆ, ಲಸಿಕೆಯ ದಿನ, ದಾಖಲೆಯ ಪುಸ್ತಕ, ಇವೆಲ್ಲವೂ ಅವರವೇ. ಬಡವನ ಕೋಪವನ್ನೂ ಅಧಿಕಾರಿಯ ಗದರಿಕೆಯನ್ನೂ ಒಂದೇ ದಿನ ಸಹಿಸಿ, ಸಂಜೆ ತಮ್ಮ ಮನೆಯ ಒಲೆಯ ಮುಂದೆ ಕೂರುವವರೂ ಅವರೇ. ಪರರ ದುಃಖವನ್ನು ದಿನವೂ ಕೇಳುವವನ ಚೈತನ್ಯವು ಮೆಲ್ಲನೆ ಉಡುಗಿ, ಕನಿಕರವಿದ್ದ ಎಡೆಯಲ್ಲಿ ಜಡತೆಯು ನೆಲಸುವುದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಯ್ಡನ್‌ಬರ್ಗರ್ ಎಂಬವರು 1974ರಲ್ಲಿ ವಿವರಿಸಿದರು. ಎಣ್ಣೆಯಿಲ್ಲದ ದೀಪದಲ್ಲಿ ಬತ್ತಿಯೇ ಉರಿಯುವಂತೆ ಇದು. ಅಂಥವನನ್ನು ಸೋಮಾರಿಯೆಂದು ಜರೆಯುವುದು ಅವಿವೇಕ.

2020ರಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಮಾಸಿಕ 12,000 ರೂಪಾಯಿಗಳ ನಿಶ್ಚಿತ ಗೌರವಧನಕ್ಕಾಗಿ ಕೆಲಸವನ್ನು ನಿಲ್ಲಿಸಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶದ ಆಶಾ ಸಮೂಹವನ್ನು ಸನ್ಮಾನಿಸಿತು. ಅದೇ ವರ್ಷ ಅಂಗನವಾಡಿಯ ಕಾರ್ಯಕರ್ತೆಯರೂ ಸಹಾಯಕಿಯರೂ ಉಪದಾನಕ್ಕೆ, ಎಂದರೆ ಗ್ರಾಚ್ಯುಯಿಟಿಗೆ, ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸನ್ಮಾನವು ಸುಲಭ, ಸಂಬಳವು ಕಷ್ಟ ಎಂಬುದು ಇದರಿಂದ ವ್ಯಕ್ತವಾಗುವುದಿಲ್ಲವೆ?

ಈ ಚರಿತ್ರೆಯಿಂದ ಗ್ರಹಿಸಬೇಕಾದ ನೀತಿಯು ಮೂರು ಬಗೆಯದು. ಮೊದಲನೆಯದು, ಸೇವಕರಿಗೆ ಕಾಲಕಾಲಕ್ಕೆ ಶಿಕ್ಷಣವು ದೊರೆಯಬೇಕು. ಎರಡನೆಯದು, ಕಂಡ ಕಷ್ಟವನ್ನು ಹಿರಿಯರೊಡನೆ ಹೇಳಿಕೊಂಡು ಹಗುರಾಗುವ ಗೋಷ್ಠಿಯಿರಬೇಕು. ಅನುಭವಮಂಟಪದ ವಾರಸುದಾರರಾದ ನಮಗೆ ಇದು ಹೊಸತಲ್ಲ. ಮೂರನೆಯದು, ಯೋಗ್ಯವಾದ ವೇತನವೂ ವಿಶ್ರಾಂತಿಯೂ ದಾನವಾಗಿ ಅಲ್ಲದೆ ಹಕ್ಕಾಗಿ ಸಲ್ಲಬೇಕು. ಮಠಗಳು ತಮ್ಮ ಸಭಾಂಗಣವನ್ನು ತಿಂಗಳಿಗೊಂದು ದಿನ ಈ ಸೇವಕಿಯರಿಗೆ ತೆರೆದು, ಅಂದಾದರೂ ಅವರು ಬಡಿಸದೆ ಕುಳಿತು ಉಣ್ಣುವಂತೆ ಮಾಡಿದರೆ ಅದು ದಾಸೋಹದ ಒಂದು ಸಾರ್ಥಕ ರೂಪವಾಗುವುದು. ಉಣಿಸುವವರೂ ಹಸಿದಿರುವರೆಂಬ ಅರಿವು ನಮ್ಮೆಲ್ಲರಲ್ಲಿ ಮೂಡಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.