ಬಣ್ಣ ಹಚ್ಚಿದರೆ ಮೊಳೆಯದ ಬೀಜಕಣ

ಕಾಫಿಯ ಎಲೆತುಕ್ಕು ರೋಗವನ್ನು ಅಭ್ಯಾಸ ಮಾಡಲು ಹ್ಯಾರಿ ಮಾರ್ಷಲ್ ವಾರ್ಡ್ ಸಿಲೋನಿಗೆ ಬಂದದ್ದು 1880ರಲ್ಲಿ. ರೋಗ ತರುವ ಶಿಲೀಂಧ್ರಕ್ಕೆ 1869ರಲ್ಲೇ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟಾಗಿತ್ತು. ಹೆಸರಿಟ್ಟ ಮಾತ್ರಕ್ಕೆ ತೋಟ ಉಳಿಯುತ್ತದೆಯೇ? ಅದು ಎಲೆಯ ಒಳಗೆ ಹೋಗುವುದು ಯಾವಾಗ, ಹೇಗೆ ಎಂಬುದು ತಿಳಿಯಬೇಕಿತ್ತು.

ವಾರ್ಡ್ ಗ್ಲಿಸರಿನ್ ಸವರಿದ ಗಾಜಿನ ಪಟ್ಟಿಗಳಲ್ಲಿ ಗಾಳಿಯ ಬೀಜಕಣಗಳನ್ನು ಹಿಡಿದರು. ಬೀಜಕಣಗಳನ್ನು ನೀರಹನಿಯಲ್ಲಿಟ್ಟು ಕಾದರು. ಅವು ಮೊಳೆತು, ನೂಲಿನಂಥ ಕೊಳವೆ ಹೊರಟು, ಎಲೆಯ ಅಡಿಯ ಪತ್ರರಂಧ್ರದೊಳಗೆ ನುಸುಳುವುದನ್ನು ಕಂಡರು. ಒಮ್ಮೆ ಒಳಹೊಕ್ಕರೆ ಔಷಧಿ ಮುಟ್ಟದು. ಮೊಳೆಯುವ ಮೊದಲೇ ಎಲೆಯ ಮೇಲೆ ಅದು ಕಾದಿರಬೇಕು. ನನ್ನ ಮಟ್ಟಿಗೆ ಅವರ ಕೆಲಸದ ತಿರುಳು ಇದು. ತುಕ್ಕಿನ ಬೀಜಕಣಕ್ಕೆ ತನ್ನದೇ ಕಿತ್ತಳೆ ಬಣ್ಣವಿರುವುದು ಅವರ ಅದೃಷ್ಟ.

ಎಲ್ಲ ಶಿಲೀಂಧ್ರಗಳೂ ಇಷ್ಟು ಉದಾರಿಗಳಲ್ಲ. ಬಹಳಷ್ಟರ ಬೀಜಕಣಗಳು ಗಾಜಿನಷ್ಟೇ ಪಾರದರ್ಶಕ. ಮೊಳಕೆಯ ಕೊಳವೆಯಂತೂ ನೀರಿನಲ್ಲಿ ನೀರೇ. 1896ರಲ್ಲಿ ಸ್ವಿಟ್ಜರ್ಲೆಂಡಿನ ಅಮಾನ್ ಎಂಬವರು ಫಿನಾಲ್, ಲ್ಯಾಕ್ಟಿಕ್ ಆಮ್ಲ, ಗ್ಲಿಸರಿನ್, ನೀರು ಬೆರೆಸಿದ ಲ್ಯಾಕ್ಟೋಫಿನಾಲ್ ಕೊಟ್ಟರು. ಅದಕ್ಕೆ ಕಾಟನ್ ಬ್ಲೂ ಸೇರಿಸಿದರೆ ಕಾಣದಿದ್ದ ಗೋಡೆ, ಅಡ್ಡಗೆರೆ, ಕೊಳವೆ ಎಲ್ಲವೂ ನೀಲಿಯಾಗಿ ಎದ್ದು ನಿಲ್ಲುತ್ತವೆ. ಸಸ್ಯಶಾಸ್ತ್ರ ಓದಿದವರಿಗೆ ಆ ಸೀಸೆ ಗೊತ್ತಿರುತ್ತದೆ. ನನಗೆ ಬಣ್ಣಕ್ಕಿಂತ ಅದರ ವಾಸನೆಯೇ ಹೆಚ್ಚು ನೆನಪು, ಕೆಂಪು ಕಾರ್ಬಾಲಿಕ್ ಸೋಪಿನದೇ ವಾಸನೆ.

ವಾಸನೆಗೆ ಕಾರಣ ಫಿನಾಲ್, ಅಂದರೆ ಕಾರ್ಬಾಲಿಕ್ ಆಮ್ಲ. ಲಿಸ್ಟರ್ 1860ರ ದಶಕದಲ್ಲಿ ಗಾಯದ ಸೋಂಕು ತಡೆಯಲು ಬಳಸಿದ್ದು ಇದನ್ನೇ. ಬೀಜಕಣವನ್ನೂ ಅದು ಬಿಡುವುದಿಲ್ಲ. ಸ್ಲೈಡಿನ ಮೇಲೆ ಅಷ್ಟು ಚೆಂದ ಕಾಣುವುದು ಹೆಣ. ಬಣ್ಣ ಬೀಳುವ ಮೊದಲು ಅದು ಜೀವಂತವಿತ್ತೇ, ಮೊಳೆಯುತ್ತಿತ್ತೇ ಎಂದು ಆ ನೀಲಿ ಹೇಳದು. ಸತ್ತದ್ದೂ ಬದುಕಿದ್ದದ್ದೂ ಒಂದೇ ನೀಲಿ. ಹೀಗಾಗಿ ಬರೀ ಬಣ್ಣ ಹಚ್ಚಿ ಎಣಿಸಿದ ಲೆಕ್ಕದಿಂದ ತೋಟಕ್ಕೆ ಎಷ್ಟು ಅಪಾಯವಿದೆ ಎಂದು ಹೇಳಲಾಗದು.

ಆದರೆ ಈ ಕೊಲ್ಲುವ ಗುಣವನ್ನೇ ಪ್ರಯೋಗಾಲಯಗಳು ಕೆಲಸಕ್ಕೆ ಹಚ್ಚಿದವು. ಔಷಧಿ ಬೆರೆತ ಹನಿಯೊಂದರಲ್ಲಿ, ಬರೀ ನೀರಿನ ಹನಿಯೊಂದರಲ್ಲಿ ಬೀಜಕಣಗಳನ್ನಿಟ್ಟು ಗೊತ್ತಾದ ಗಂಟೆಗಳ ತನಕ ಬಿಡುತ್ತಾರೆ. ಆಮೇಲೆ ಎರಡಕ್ಕೂ ಒಂದೊಂದು ತೊಟ್ಟು ಕಾಟನ್ ಬ್ಲೂ. ಬೆಳವಣಿಗೆ ಆ ಕ್ಷಣಕ್ಕೇ ನಿಲ್ಲುತ್ತದೆ, ಕೊಳವೆ ಮೂಡಿದ್ದೆಷ್ಟು, ಮೂಡದ್ದೆಷ್ಟು ಎಂದು ಸಾವಧಾನವಾಗಿ ಎಣಿಸಬಹುದು. ಮೊದಲು ಕಾಯುವುದು, ಆಮೇಲೆ ಬಣ್ಣ. ಕ್ರಮ ತಿರುಗಿಸಿದರೆ ಎಣಿಸಲು ಮೊಳಕೆಯೇ ಇರದು.

ವಾರ್ಡ್ 1882ರಲ್ಲಿ ಸಿಲೋನ್ ಬಿಟ್ಟರು. ಬೋರ್ಡೋ ದ್ರಾವಣದ ಸುದ್ದಿ ಫ್ರಾನ್ಸಿನಿಂದ ಹೊರಬಿದ್ದದ್ದು 1885ರಲ್ಲಿ. ಅಷ್ಟರಲ್ಲಿ ಸಿಲೋನಿನ ಬೆಟ್ಟಗಳಿಗೆ ಚಹಾ ಬಂದಿತ್ತು. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಉಳಿಯಿತು, ತುಕ್ಕೂ ಉಳಿಯಿತು. ಅಲ್ಲಿ ಬೋರ್ಡೋ ಹೊಡೆಯುವುದು ಈಗಲೂ ಮುಂಗಾರಿಗೆ ಮೊದಲು, ಎಲೆಯ ಅಡಿಭಾಗ ನೆನೆಯುವಂತೆ.