ಹೇರು, ಹೊರೆ, ವರ್ತನೀ: ಸರಕುಸಾಗಣೆಯ ಕೆಲವು ಪಾರಿಭಾಷಿಕ ಶಬ್ದಗಳ ಅರ್ಥವಿಚಾರ

ನ್ಯಾಯ, ಮೀಮಾಂಸೆ, ವೈದ್ಯ ಮೊದಲಾದ ಶಾಸ್ತ್ರಗಳ ಪಾರಿಭಾಷಿಕ ಶಬ್ದಗಳಿಗೆ ವ್ಯಾಖ್ಯಾನಕಾರರ ಪರಂಪರೆಯೊಂದುಂಟು. ಪದದಲ್ಲಿ ಸಂದೇಹ ಬಂದರೆ ಟೀಕೆಯುಂಟು. ಟೀಕೆಯಲ್ಲಿ ಸಂದೇಹ ಬಂದರೆ ಅದಕ್ಕೂ ಟಿಪ್ಪಣಿಯುಂಟು. ಸರಕನ್ನು ಹೊತ್ತು, ಹೇರಿ, ಎಳೆದು, ಹೊಳೆ ದಾಟಿಸಿ ಬದುಕಿದವರ ಶಬ್ದಗಳಿಗೆ ಇಂತಹ ಆಶ್ರಯವು ಅಷ್ಟಾಗಿ ದೊರೆಯಲಿಲ್ಲ. ಅವು ಸುಂಕದ ವಿಧಿಗಳಲ್ಲಿಯೂ ದಾನಶಾಸನಗಳಲ್ಲಿಯೂ ಯಾವ ವಿವರಣೆಯೂ ಇಲ್ಲದೆ ಬಂದು ಹೋಗುವುವು. ಬರೆದವನಿಗೂ ತೆತ್ತವನಿಗೂ ಅವು ತಿಳಿದೇ ಇದ್ದುದರಿಂದ ವಿವರಿಸುವ ಅವಶ್ಯವಿರಲಿಲ್ಲ. ಅನುವಾದಕನು ಮಾತ್ರ ಇಲ್ಲಿ ದಾರಿ ತಪ್ಪುವನು. ಕೋಶವನ್ನು ತೆರೆದು, ಸಾಮಾನ್ಯಾರ್ಥವನ್ನು ಹಿಡಿದು ಮುಂದೆ ಸಾಗುವನು. ಹಾಗೆ ಸಾಗಿದಲ್ಲಿ ಕೆಡುವುದು ಒಂದು ಪದವಷ್ಟೇ ಅಲ್ಲ. ಯಾರು ಎಷ್ಟು ತೆತ್ತರು, ಏತಕ್ಕಾಗಿ ತೆತ್ತರು ಎಂಬ ಚರಿತ್ರಾಂಶವೇ ಕೆಡುವುದು.

ಇದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದ ಶುಲ್ಕಾಧ್ಯಕ್ಷಪ್ರಕರಣವು ಉತ್ತಮ ನಿದರ್ಶನ. ಈ ಗ್ರಂಥದ ಓಲೆಪ್ರತಿಯು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ರುದ್ರಪಟ್ಟಣದ ಶಾಮಾಶಾಸ್ತ್ರಿಗಳಿಂದ 1909ರಲ್ಲಿ ಅಚ್ಚಾಗಿ, 1915ರಲ್ಲಿ ಇಂಗ್ಲಿಷ್ ಅನುವಾದರೂಪದಿಂದ ಲೋಕಕ್ಕೆ ಪರಿಚಿತವಾದುದು ಸರ್ವವಿದಿತ. ಮುಂದೆ ನಡೆದ ಶೋಧನೆಗಳೆಲ್ಲಕ್ಕೂ ಅವರು ಹಾಕಿದ ತಳಹದಿಯೇ ಆಧಾರ. ಯಾವ ಪೂರ್ವಾನುವಾದದ ನೆರವೂ ಇಲ್ಲದೆ, ದೊರೆತ ಅಲ್ಪ ಸಾಮಗ್ರಿಯಿಂದ ಅವರು ಮಾಡಿದ ಕಾರ್ಯದಲ್ಲಿ ಕೆಲವು ಪದಗಳು ಪುನರ್ವಿಮರ್ಶೆಯನ್ನು ಬೇಡುವುವೆಂದರೆ ಅದು ದೋಷಾರೋಪಣೆಯಾಗಲಾರದು.

ಗಡಿಯ ಅಧಿಕಾರಿಯಾದ ಅಂತಪಾಲನು ವರ್ತನಿಯನ್ನು ಕೊಳ್ಳಬೇಕಾದ ಕ್ರಮವನ್ನು ಕೌಟಿಲ್ಯನು ಹೀಗೆ ವಿಧಿಸಿರುವನು: ಪಣ್ಯವಹನಕ್ಕೆ ಒಂದೂಕಾಲು ಪಣ, ಒಂಟಿಗೊರಸಿನ ಪ್ರಾಣಿಗೆ ಒಂದು ಪಣ, ಪಶುವಿಗೆ ಅರ್ಧ, ಕ್ಷುದ್ರಪಶುವಿಗೆ ಕಾಲು, ಅಂಸಭಾರಕ್ಕೆ ಒಂದು ಮಾಷಕ. ಅಂಸವೆಂದರೆ ಹೆಗಲು, ಇದರಲ್ಲಿ ವಿವಾದವಿಲ್ಲ. ಶಾಸ್ತ್ರಿಗಳ ಇಂಗ್ಲಿಷಿನಲ್ಲಿ ಅದು ತಲೆಹೊರೆಯಾಯಿತು. ಓದುಗನಿಗೆ ಇದು ಅಲ್ಪವೆಂದು ತೋರಬಹುದು. ಆದರೆ ಹೊರುವವನನ್ನು ಕೇಳಿದರೆ ಭೇದವು ತಿಳಿಯುವುದು. ತಲೆಯ ಮೇಲಿನ ಹೊರೆಗೆ ಸಿಂಬಿಯೊಂದು ಸಾಕು. ಹೆಗಲಿನ ಹೊರೆಗೆ ಅಡ್ಡೆ ಬೇಕು, ಅಡ್ಡೆಯ ಎರಡು ತುದಿಗಳಿಗೂ ಸಮತೂಕದ ಸರಕು ಬೇಕು. ಮೊದಲನೆಯದು ಸಂತೆಗೆ ಹೋಗುವ ಒಕ್ಕಲಿಗ ಹೆಂಗಸಿನದೂ ಆಗಬಹುದು. ಎರಡನೆಯದು ದೂರದ ದಾರಿಯನ್ನು ನಡೆಯುವುದನ್ನೇ ಕಸುಬಾಗಿ ಉಳ್ಳವನದು. ಗಡಿಯಲ್ಲಿ ಮಾಷಕವನ್ನು ತೆತ್ತವನು ಈ ಎರಡನೆಯವನೆಂಬುದೇ ಸೂತ್ರದ ಅಕ್ಷರಾರ್ಥ.

ಇನ್ನು ಪಣ್ಯವಹನ. ಶಾಸ್ತ್ರಿಗಳು ಇದನ್ನು ಕೇವಲ ಸರಕಿನ ಹೊರೆ ಎಂಬ ಅರ್ಥದಲ್ಲಿ ಗ್ರಹಿಸಿದರು. ವಹನಶಬ್ದವು ಹೊರುವ ಕ್ರಿಯೆಗೂ ಹೊರುವ ಸಾಧನಕ್ಕೂ ಸಲ್ಲುವುದರಿಂದ ವ್ಯಾಕರಣದಿಂದ ಮಾತ್ರ ನಿರ್ಣಯವಾಗದು. ಲೆಕ್ಕವನ್ನು ಹಾಕಿ ನೋಡಬೇಕು. ಪಣಕ್ಕೆ 16 ಮಾಷಕವೆಂಬ ಸಾಮಾನ್ಯ ಗಣನೆಯಂತೆ ಒಂದೂಕಾಲು ಪಣವು 20 ಮಾಷಕ. ಅಂದರೆ ಪಣ್ಯವಹನವು ಹೆಗಲಹೊರೆಯ ಇಪ್ಪತ್ತರಷ್ಟನ್ನು ತೆರುವುದು. ಅಮರಸಿಂಹನು 100 ಪಲಗಳಿಗೆ ಒಂದು ತುಲೆಯೆಂದೂ, 20 ತುಲೆಗಳಿಗೆ ಒಂದು ಭಾರವೆಂದೂ, ಹತ್ತು ಭಾರಗಳಿಗೆ ಒಂದು ಆಚಿತವೆಂದೂ ಹೇಳಿ, ಈ ಆಚಿತವೇ ಒಂದು ಗಾಡಿಯ ಹೇರೆಂದು ಸ್ಪಷ್ಟಪಡಿಸಿರುವನು. ಆಗ ಗಾಡಿಯ ಹೇರು 20,000 ಪಲ. ಅದರ ಇಪ್ಪತ್ತನೆಯ ಒಂದು ಪಾಲು 1,000 ಪಲ. ಮನುವಿನ ಮಾನದಂತೆ ಪಲಕ್ಕೆ 320 ಗುಲಗಂಜಿ. ತೊಲಕ್ಕೆ 96 ಗುಲಗಂಜಿಯಂತೆ ಹಿಡಿದರೆ ಒಂದು ಪಲವು ಸುಮಾರು 39 ಗ್ರಾಂ ಆಗುವುದು. ಹೀಗೆ ಗಾಡಿಯ ಹೇರು ಸುಮಾರು 780 ಕಿಲೋ, ಹೆಗಲಹೊರೆ ಸುಮಾರು 39 ಕಿಲೋ ಎಂದು ಸಿದ್ಧಿಸುವುದು. ಜೋಡೆತ್ತಿನ ಗಾಡಿಯನ್ನು ಹೂಡಿ ಬಲ್ಲವರೂ ಅಡ್ಡೆ ಹೊತ್ತು ಬಲ್ಲವರೂ ಈ ಎರಡು ಅಂಕಗಳನ್ನು ಕೇಳಿ ಆಶ್ಚರ್ಯಪಡಲಾರರು. ಪಣ್ಯವಹನವನ್ನು ಒಂದೇ ಎತ್ತಿನ ಹೇರೆಂದು ಹಿಡಿದರೆ, ಅದರ ಇಪ್ಪತ್ತನೆಯ ಪಾಲನ್ನು ಒಬ್ಬ ಆಳು ಹೊತ್ತನೆಂದಾಗುವುದು. ಅಷ್ಟನ್ನು ಮಗುವೂ ಹೊತ್ತೀತು. ಆದಕಾರಣ ಇಲ್ಲಿ ಪಣ್ಯವಹನವೆಂಬುದು ಸರಕು ತುಂಬಿದ ಗಾಡಿಯೇ ಎಂದು ಹೇಳುವುದು ಯುಕ್ತವಾಗಿ ತೋರುವುದು.

ಅಮರನ ಮಾನವನ್ನು ಕೌಟಿಲ್ಯನ ದರಕ್ಕೆ ಜೋಡಿಸಿದುದು ಸರಿಯೇ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ದರವು ತೂಕವನ್ನೇ ಅನುಸರಿಸಿತೆಂಬುದಕ್ಕೂ ಸೂತ್ರದಲ್ಲಿ ವಚನವಿಲ್ಲ. ಪಶುವಿಗೆ ಅರ್ಧಪಣವೆಂಬುದು ಈ ಲೆಕ್ಕಕ್ಕೆ ಒಪ್ಪುವುದೂ ಇಲ್ಲ. ಆದರೆ ಕ್ಷುದ್ರಪಶುಗಳಾದ ಆಡುಕುರಿಗಳು ಅದೇ ಸಾಲಿನಲ್ಲಿ ಬರುವುದರಿಂದ ಆ ಪ್ರಾಣಿಗಳು ಹೇರಿಗಾಗಿ ಬಂದವಲ್ಲ, ಮಾರಾಟಕ್ಕೆ ಬಂದವು ಎಂದು ಊಹಿಸಲು ಹೆಚ್ಚಿನ ಅನುಕೂಲವಿದೆ. ಹೀಗಿರಲು ಅವುಗಳ ದರವನ್ನು ಹೊರೆಯ ದರದೊಡನೆ ಹೋಲಿಸುವುದೇ ತಪ್ಪಾಗುವುದು.

ವರ್ತನೀ ಎಂಬುದನ್ನು ಶಾಸ್ತ್ರಿಗಳು ದಾರಿಯ ತೆರಿಗೆಯೆಂದರು. ವರ್ತನಿಯು ದಾರಿ, ಗಾಲಿಯ ಜಾಡು. ಆದುದರಿಂದ ಅನುವಾದವು ಶಬ್ದಕ್ಕೆ ಸರಿಯೇ. ಆದರೆ ಮರುಸೂತ್ರವನ್ನೂ ಕೂಡಿಸಿ ಓದಬೇಕು. ದಾರಿಯಲ್ಲಿ ಕಳೆದುಹೋದುದನ್ನೂ ಕಳವಾದುದನ್ನೂ ಅಂತಪಾಲನೇ ತುಂಬಿಕೊಡಬೇಕೆಂದು ಅಲ್ಲಿ ವಿಧಿಸಿದೆ. ಅಂದಮೇಲೆ ವರ್ತನಿಯು ಬರಿಯ ತೆರಿಗೆಯಲ್ಲ. ತೆಗೆದುಕೊಂಡವನ ತಲೆಯ ಮೇಲೆ ಹೊಣೆಯನ್ನು ಹೊರಿಸುವ ರಕ್ಷಣಶುಲ್ಕ. ಪರದೇಶದ ಸಾರ್ಥವು ಬಂದರೆ ಸಾರಭಾಂಡ, ಫಲ್ಗುಭಾಂಡಗಳನ್ನು, ಎಂದರೆ ಬೆಲೆಯುಳ್ಳ ಮತ್ತು ಬೆಲೆಯಿಲ್ಲದ ಸರಕುಗಳನ್ನು, ಪರೀಕ್ಷಿಸಿ, ಅಭಿಜ್ಞಾನವನ್ನೂ ಮುದ್ರೆಯನ್ನೂ ಕೊಟ್ಟು ಶುಲ್ಕಾಧ್ಯಕ್ಷನಲ್ಲಿಗೆ ಕಳುಹಿಸುವುದೂ ಅವನದೇ ಕೆಲಸ. ಅಭಿಜ್ಞಾನವೆಂದೊಡನೆ ಕಾವ್ಯಾಭ್ಯಾಸಿಗೆ ಶಕುಂತಲೆಯ ಉಂಗುರವು ನೆನಪಾಗುವುದು ಸಹಜ; ಇಲ್ಲಿ ಅದು ಸರಕಿನೊಡನೆ ಹೋಗುವ ರಹದಾರಿಯ ಚೀಟಿ. ಶಬ್ದವೊಂದೇ, ವ್ಯವಹಾರ ಬೇರೆ.

ಕನ್ನಡ ಶಾಸನಗಳಿಗೆ ಬಂದರೆ ಇದೇ ಸೂಕ್ಷ್ಮವು ಮತ್ತೊಂದು ವಿಧದಲ್ಲಿ ಕಾಣುವುದು. ದೇಗುಲಗಳಿಗೆ ವರ್ತಕರು ಬಿಟ್ಟ ಆಯಗಳಲ್ಲಿ ವೀಳೆಯದೆಲೆಯು ಹೇರಿಗೆ ಇಷ್ಟು, ಹೊರೆಗೆ ಇಷ್ಟು ಎಂದು ಬೇರೆ ಬೇರೆ ಹೇಳುವುದು ವಾಡಿಕೆ. ಹೇರು, ಹಳಗನ್ನಡದ ಪೇಱು, ಪ್ರಾಣಿಯ ಬೆನ್ನಿಗೆ ಏರಿಸಿದುದು. ಹೊರೆಯು ಮನುಷ್ಯನು ಹೊತ್ತದು. ಎರಡನ್ನೂ ಇಂಗ್ಲಿಷಿನ ಒಂದೇ ಪದದಿಂದ ಅನುವಾದಿಸಿದರೆ ಒಂದೇ ವಸ್ತುವಿಗೆ ಎರಡು ದರವಿಟ್ಟ ಅವಿವೇಕವನ್ನು ಶಾಸನಕಾರನ ತಲೆಗೆ ಕಟ್ಟಿದಂತಾಗುವುದು.

ಹೇರಿನಿಂದ ಹುಟ್ಟುವ ಇನ್ನೊಂದು ಭ್ರಾಂತಿಯುಂಟು. ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳಲ್ಲಿ ಪೆರ್ಜುಂಕ, ಹೆಜ್ಜುಂಕ ಎಂಬ ಸುಂಕವು ಮೇಲಿಂದ ಮೇಲೆ ಬರುವುದು. ಶಾಸನಲಿಪಿಯಲ್ಲಿ ಎಕಾರ ಏಕಾರಗಳಿಗೆ ಸಾಮಾನ್ಯವಾಗಿ ಭೇದವನ್ನು ತೋರಿಸದಿರುವ ಕಾರಣ ಇದನ್ನು ಪೇಱು, ಸುಂಕ ಎಂದು ಬಿಡಿಸಿ 'ಹೇರಿನ ಮೇಲಣ ಸುಂಕ'ವೆನ್ನಲು ಮನಸ್ಸು ಎಳೆಯುವುದು. ಅರ್ಥವೂ ಹಿತವಾಗಿ ಕೂಡುವುದು. ಆದರೆ ಹಿತವಾದುದೆಲ್ಲವೂ ಸಾಧುವಲ್ಲ. ಪಿರಿದು ಎಂಬುದು ಸಮಾಸದಲ್ಲಿ ಪೆರ್ ಆಗುವುದು. ಪೆರ್ಜೇನು ಹೆಜ್ಜೇನಾದಂತೆ, ಪೆರ್ದೊರೆ ಹೆದ್ದೊರೆಯಾದಂತೆ, ಪೆರ್ಜುಂಕವು ಹೆಜ್ಜುಂಕವಾಯಿತು. ಸಕಾರಕ್ಕೆ ಜಕಾರಾದೇಶವು ಕೇಶಿರಾಜನಿಗೆ ಸಮ್ಮತವಾದುದೇ. ಮುಂಜೆಱಂಗು ಎಂಬಲ್ಲಿ ಸೆಱಂಗು ಜೆಱಂಗಾದುದನ್ನು ನೋಡಬಹುದು. ಪೇಱು ಎಂಬುದರಿಂದ ಬಂದಿದ್ದರೆ ದೀರ್ಘವೂ ಉಳಿದು, ಹೇರುಸುಂಕವೆಂಬಂತಹ ರೂಪವೇ ಬಳಕೆಗೆ ಬರಬೇಕಾಗಿತ್ತು. ಇದಕ್ಕೆ ಇದಿರಾಗಿ ಕಿಱುಕುಳವೆಂಬ ಸಣ್ಣ ತೆರಿಗೆಗಳ ಹೆಸರೂ ಶಾಸನಗಳಲ್ಲಿರುವುದರಿಂದ ಹಿರಿದು ಕಿರಿದು ಎಂಬ ಜೋಡಿಯು ಪೂರ್ಣವಾಗುವುದು. ಅದೇ ಕಿರುಕುಳವು ಇಂದು ಪೀಡೆಯೆಂಬ ಅರ್ಥದಲ್ಲಿ ನಿಂತಿರುವುದನ್ನು ಕಂಡು ಸುಂಕ ತೆತ್ತವರ ಅನುಭವವನ್ನು ಊಹಿಸುವವರು ಊಹಿಸಬಹುದು. ಪೆರ್ಜುಂಕದ ಜೊತೆಗೇ ಬರುವ ವಡ್ಡರಾವುಳ, ಬಿಲ್ಕೊಡೆಗಳ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅವನ್ನು ಅನೇಕ ಅನುವಾದಗಳಲ್ಲಿ ಮೂಲರೂಪದಲ್ಲಿಯೇ ಉಳಿಸಿರುವುದು ವಿವೇಕದ ಕೆಲಸ.

ಕೆಲವು ಪದಗಳು ಅನುವಾದಕನನ್ನು ಕಾಯದೆ ತಾವೇ ಪರಭಾಷೆಗೆ ನಡೆದುಹೋದುವು. ಎತ್ತಿನ ಬೆನ್ನಿನ ಗೋಣಿಯು ಪಾಣಿನಿಯ ಸೂತ್ರಗಳಲ್ಲಿಯೇ ಇರುವ ಪದ. ಧಾನ್ಯ ತುಂಬುವ ಚೀಲವೆಂಬ ಅರ್ಥದಲ್ಲಿ ಅದರ ಸ್ತ್ರೀಪ್ರತ್ಯಯವನ್ನು ಅವನು ವಿಧಿಸಿರುವನು. ಅದೇ ಇಂಗ್ಲಿಷರ ಬಾಯಲ್ಲಿ ಗನ್ನಿಯಾಯಿತು. ಕರಾವಳಿಯ ಬಂಡಸಾಲೆಯು ಸಂಸ್ಕೃತದ ಭಾಂಡಶಾಲೆ. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಬ್ಯಾಂಕ್‌ಶಾಲ್ ಎಂಬ ರೂಪದಲ್ಲಿ ಇದರ ಚರ್ಚೆಯಿದೆ. ಅಲ್ಲಿ ಅದಕ್ಕೆ ಎರಡು ಅರ್ಥ: ಸರಕಿನ ಉಗ್ರಾಣವೊಂದು, ಬಂದರಿನ ಅಧಿಕಾರಿಯ ಕಚೇರಿಯೊಂದು. ಕಲ್ಕತ್ತೆಯ ಬೀದಿಯೊಂದು ಇಂದಿಗೂ ಆ ಹೆಸರನ್ನು ಹೊತ್ತಿದೆ. ಭಾಂಡವನ್ನು ಪಾತ್ರೆಯೆಂದು ಮಾತ್ರ ಬಲ್ಲವನು ಈ ಮನೆಯಲ್ಲಿ ಮಡಕೆಗಳನ್ನು ಹುಡುಕಿಯಾನು!

ಹೆಸರು ತಿಳಿಯದಿದ್ದಾಗ ವಸ್ತುವನ್ನೇ ವರ್ಣಿಸುವುದು ಇನ್ನೊಂದು ಮಾರ್ಗ. ವಿಜಯನಗರಕ್ಕೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸನು ತುಂಗಭದ್ರೆಯ ಹರಿಗೋಲಿಗೆ ಹೆಸರನ್ನು ಹೇಳಲಿಲ್ಲ. ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನರನ್ನು ಒಯ್ಯುವುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುವುದು, ನೇರವಾಗಿ ಹೋಗದೆ ಸುತ್ತುತ್ತಲೇ ಹೋಗುವುದು ಎಂದು ಬರೆದಿಟ್ಟನು. ರಾಬರ್ಟ್ ಸೀವೆಲನು 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿಯೂ ಆ ವರ್ಣನೆಯು ಹಾಗೆಯೇ ಉಳಿದಿದೆ. ಈಚಿನ ಬರಹಗಳಲ್ಲಿ ಇದಕ್ಕೆ ಕಾರಕಲ್ ಎನ್ನುವರು. ಅದು ವೇಲ್ಸ್ ದೇಶದ ಪದ. ಅಲ್ಲಿಯ ದೋಣಿಯು ಸಾಮಾನ್ಯವಾಗಿ ಒಬ್ಬ ಮೀನುಗಾರನು ಬೆನ್ನ ಮೇಲೆ ಹೊತ್ತು ನಡೆಯುವಷ್ಟು ಚಿಕ್ಕದು. ಆ ಪದವನ್ನೋದಿದವನಿಗೆ ಆನೆಗೊಂದಿಯ ಕಡವಿನಲ್ಲಿ ಎತ್ತುಗಳನ್ನು ಏರಿಸಿಕೊಂಡು ಸುತ್ತುತ್ತಿದ್ದ ಹರಿಗೋಲು ಕಾಣಿಸದು. ಹೆಸರನ್ನರಿಯದ ಪಾಯಸನ ವಾಕ್ಯವನ್ನೋದಿದವನಿಗೆ ಕಾಣಿಸುವುದು.