ಗಾಳದ ನೊಣ ಮತ್ತು ಕಾಡುಕೋಳಿಯ ಗರಿ

ಗಾಳದ ನೊಣ: ಟ್ರೌಟ್, ಸಾಲ್ಮನ್ ಮೀನುಗಳನ್ನು ಹಿಡಿಯಲು ಗರಿ, ರೇಷ್ಮೆ, ಉಣ್ಣೆಗಳನ್ನು ಕೊಕ್ಕೆಗೆ ನೂಲಿನಿಂದ ಸುತ್ತಿ ಕಟ್ಟುವ ಕೃತಕ ಕೀಟ, ಇಂಗ್ಲಿಷಿನಲ್ಲಿ ಫ್ಲೈ. ಟ್ರೌಟ್ ತಣ್ಣೀರಿನ ಮೀನು, ಹರಿಹರದ ತುಂಗಭದ್ರೆಯಲ್ಲಿ ಸಿಗುವುದಿಲ್ಲ. ಅಲ್ಲಿ ಗಾಳ ಹಾಕುವವರಿಗೆ ಎರೆಹುಳು ಸಾಕು. ಆದರೂ ನೊಣ ಕಟ್ಟುವ ಕಸುಬಿನ ಬಹುಬೇಡಿಕೆಯ ಗರಿಯೊಂದು ನಮ್ಮ ಸಹ್ಯಾದ್ರಿಯಲ್ಲೂ ಇರುವ ಕಾಡುಕೋಳಿಯದು.

ಕ್ರಿ.ಶ. 200ರ ಸುಮಾರಿಗೆ ರೋಮನ್ ಲೇಖಕ ಈಲಿಯನ್, ಮ್ಯಾಸಿಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ ಹುಂಜದ ಗರಿ ಕಟ್ಟುತ್ತಿದ್ದುದನ್ನು ಬರೆದಿದ್ದಾನೆ. 1496ರಲ್ಲಿ ಅಚ್ಚಾದ ಇಂಗ್ಲಿಷ್ ಪುಸ್ತಕವೊಂದು 12 ನೊಣಗಳನ್ನು ಕಟ್ಟುವ ಬಗೆ ಹೇಳುತ್ತದೆ. ಕನ್ನಡ ನಾಡಿನಲ್ಲಿ ಗಾಳ ಅರಸರ ವಿನೋದವೂ ಆಗಿತ್ತು: 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ.

ನೊಣದ ಅಂಗಗಳಿಗೆ ಒಂದೊಂದು ಹೆಸರು. ಕೊಕ್ಕೆಯ ನೇರ ಭಾಗ ಶ್ಯಾಂಕ್. ಅದರ ಮೇಲೆ ಮೊದಲು ನೂಲು ಸುತ್ತಿ ಹಿಂತುದಿಗೆ ಬಾಲ ಕಟ್ಟುತ್ತಾರೆ; ರೇಷ್ಮೆಯಿಂದ ಮೈ ತುಂಬಿ, ಅದರ ಮೇಲೆ ಜರಿಯೆಳೆಯನ್ನು ಓರೆಯಾಗಿ ಸುತ್ತುತ್ತಾರೆ. ಹುಂಜದ ಕತ್ತುಗರಿಯನ್ನು ಸುತ್ತಿದಾಗ ಎಳೆಗಳು ಕೀಟದ ಕಾಲಿನಂತೆ ಸುತ್ತಲೂ ಚಾಚಿಕೊಳ್ಳುತ್ತವೆ, ಇದು ಹ್ಯಾಕಲ್. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ, ಮುಳುಗುವುದು ವೆಟ್ ಫ್ಲೈ, ಮರಿಮೀನನ್ನು ಹೋಲುವುದು ಸ್ಟ್ರೀಮರ್.

ನೊಣದ ರೆಕ್ಕೆಯ ಪಕ್ಕದ ‘ಕೆನ್ನೆ’ಗೆ ಬೇಕಾದದ್ದೇ ಕಾಡುಕೋಳಿಯ ಗರಿ. ಹುಂಜದ ಕತ್ತಿನ ಕಪ್ಪು ಗರಿಗಳಲ್ಲಿ ಬಿಳಿ, ಹಳದಿ ಚುಕ್ಕೆಗಳಿವೆ. ಆ ಚುಕ್ಕೆಯಿರುವಲ್ಲಿ ಎಳೆಗಳು ಒಂದಕ್ಕೊಂದು ಬೆಸೆದು, ನುಣುಪಾಗಿ, ಗಟ್ಟಿಯಾಗಿರುತ್ತವೆ. ಕಟ್ಟಿದಾಗ ಚುಕ್ಕೆಗಳು ಮೀನಿನ ಕಣ್ಣಿನಂತೆ ಕಾಣುತ್ತವೆ. 19ನೆಯ ಶತಮಾನದ ಸಾಲ್ಮನ್ ನೊಣ ‘ಜಾಕ್ ಸ್ಕಾಟ್’ನಲ್ಲಿ ಈ ಗರಿಯಿದೆ. ಅಮೆರಿಕದ ಮೇಯ್ನ್ ರಾಜ್ಯದ ಕ್ಯಾರಿ ಸ್ಟೀವನ್ಸ್ 1924ರಲ್ಲಿ ರೂಪಿಸಿದ ಸ್ಟ್ರೀಮರ್ ‘ಗ್ರೇ ಗೋಸ್ಟ್’ನ ಕೆನ್ನೆಯೂ ಇದರದೇ.

ಈ ಬೇಡಿಕೆಗೆ ಹಕ್ಕಿ ಬೆಲೆ ತೆತ್ತಿತು. ಕಾಡಿನಲ್ಲಿ ಹುಂಜಗಳನ್ನು ಹಿಡಿದು ಕೊಂದು, ಕತ್ತಿನ ಚರ್ಮವನ್ನು ಗರಿಸಮೇತ ಹೊರದೇಶಗಳಿಗೆ ಕಳಿಸಲಾಯಿತು. ಈಗ ಪಶ್ಚಿಮದ ಕಸುಬುದಾರರು ಸಾಕಿದ ಕೋಳಿಗಳ ಗರಿಯನ್ನೋ ನಕಲಿ ಗರಿಯನ್ನೋ ಬಳಸುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಕೋಳಿಯ ಬೇಟೆ ಶಿಕ್ಷಾರ್ಹ ಅಪರಾಧ.